ಆನ್‌ಲೈನ್‌ನಲ್ಲಿ ಬೋರ್ಡ್ ಗೇಮ್, ಕಥೆಯಾಟ: ಆಡುವುದಕ್ಕಿಂತ ಒದ್ದಾಡುವುದೇ ಜಾಸ್ತಿ ಆಗಿದೆ, ಏನು ಮಾಡಲಿ?

ಆರನೇ_ಮುಖ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಐದು ಜನ. ಆರೇಳು ವರ್ಷ ಒಂದೇ ಮೇಜಿನ ಸುತ್ತ ಕೂತು ಆಡಿದವರು. ಒಂದು ವಾರ ಬೋರ್ಡ್ ಗೇಮ್ ಆದರೆ ಮುಂದಿನ ವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನುವ ಕಥೆಯಾಟ: ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ. ಈಗ ಒಬ್ಬೊಬ್ಬರು ಒಂದೊಂದು ಕಡೆ. ಒಬ್ಬನ ಗಡಿಯಾರ ನಮ್ಮದಕ್ಕಿಂತ ನಾಲ್ಕು ಗಂಟೆ ಹಿಂದೆ. ಆಟ ನಿಲ್ಲಬಾರದು ಅಂತ ಎರಡು ತಿಂಗಳಿಂದ ಆನ್‌ಲೈನ್‌ನಲ್ಲಿ ಆಡಲು ನೋಡುತ್ತಿದ್ದೇವೆ.

ಮೊದಲು ಬೋರ್ಡ್ ಗೇಮ್. ನಿಜವಾದ ಮೇಜಿನ ಹಾಗೇ ಕಾಣುವ ಒಂದು ಸಾಫ್ಟ್‌ವೇರ್ ಹಿಡಿದೆವು. ನೋಡಲು ಚೆಂದವೋ ಚೆಂದ. ಆದರೆ ಒಂದು ಕಾರ್ಡ್ ಎತ್ತಲು ಹೋದರೆ ಇಡೀ ಕಟ್ಟೇ ಮೌಸಿಗೆ ಅಂಟಿಕೊಂಡು ಬರುತ್ತದೆ. ಎದುರು ಕೂತು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ ಆಟ ಮೂರು ಗಂಟೆ ಹಿಡಿಯಿತು. ಅದೂ ಮುಗಿಯಲಿಲ್ಲ, ನಿದ್ದೆ ಬಂತು ಅಂತ ಬಿಟ್ಟೆವು.

ಆಮೇಲೆ ಕಥೆಯಾಟ. ನಡೆಸುವವನು ನಾನೇ. ಮ್ಯಾಪ್ ಹುಡುಕು, ಗೋಡೆ ಎಳೆ, ಬಾಗಿಲು ಇಡು, ಪಂಜಿನ ಬೆಳಕು ಎಷ್ಟು ದೂರ ಬೀಳಬೇಕು ಅಂತ ಹೊಂದಿಸು. ವಾರಕ್ಕೆ ಆರು ಗಂಟೆ ಬರೀ ಇದಕ್ಕೇ. ಇಷ್ಟೆಲ್ಲ ಮಾಡಿ ಕೂತರೆ ನಾಲ್ಕೂ ಜನ ಗಪ್‌ಚುಪ್. ಮ್ಯಾಪ್ ಮೇಲೆ ತಮ್ಮ ಪಾತ್ರದ ಟೋಕನ್ ಸರಿಸುತ್ತಾರೆ, ದಾಳ ಒತ್ತುತ್ತಾರೆ, ಅಷ್ಟೇ. ಮೊದಲು ಇವರನ್ನು ಸುಮ್ಮನಿರಿಸುವುದೇ ನನ್ನ ಕೆಲಸವಾಗಿತ್ತು!

ಒಬ್ಬಳ ಲ್ಯಾಪ್‌ಟಾಪ್ ಹಳೆಯದು. ಒಬ್ಬನ ಬಳಿ ಫೋನ್ ಮಾತ್ರ ಇದೆ. ಯಾವ ಸಾಫ್ಟ್‌ವೇರ್ ಒಳ್ಳೆಯದು ಹೇಳಿ. ಅಥವಾ ನಮ್ಮಲ್ಲೇ ಏನೋ ತಪ್ಪಿದೆ ಅನ್ನಿಸಿದರೆ ಅದನ್ನೂ ಹೇಳಿ.

ಮರದ_ಗೊಂಬೆ

ಬೋರ್ಡ್ ಗೇಮ್ ಬಗ್ಗೆ ನಾನು ಹೇಳುತ್ತೇನೆ. ಕಥೆಯಾಟ ನನಗೆ ಗೊತ್ತಿಲ್ಲ.

ಈ ಸಾಫ್ಟ್‌ವೇರ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಆಟದ ನಿಯಮ ಗೊತ್ತಿರುತ್ತದೆ. ಇನ್ನೊಂದಕ್ಕೆ ಗೊತ್ತಿರುವುದಿಲ್ಲ, ಅದು ಬರೀ ಮೇಜು. ನೀವು ಎರಡನೇ ಜಾತಿಯದನ್ನು ಹಿಡಿದಿದ್ದೀರಿ.

ಬೋರ್ಡ್ ಗೇಮ್ ಅರೀನಾ ಮೊದಲ ಜಾತಿ. 2010ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು, 2021ರಲ್ಲಿ ಆಸ್ಮೊಡೀ ಕಂಪನಿ ಅದನ್ನು ಕೊಂಡುಕೊಂಡಿತು. ಬ್ರೌಸರ್‌ನಲ್ಲೇ ನಡೆಯುತ್ತದೆ, ಫೋನಿನಲ್ಲೂ ಆಗುತ್ತದೆ. ಕಾರ್ಡ್ ಹಂಚುವುದು, ಕಲಸುವುದು, ಅಂಕ ಲೆಕ್ಕ ಹಾಕುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ತಪ್ಪು ನಡೆ ಇಡಲು ಹೋದರೆ ಬಿಡುವುದಿಲ್ಲ. ಕೆಲವು ಆಟಕ್ಕೆ ಚಂದಾ ಬೇಕು, ಆದರೆ ಮೇಜು ತೆರೆಯುವವರ ಹತ್ತಿರ ಇದ್ದರೆ ಸಾಕು, ಉಳಿದವರು ಹಾಗೇ ಬಂದು ಕೂರಬಹುದು.

ಟೇಬಲ್‌ಟಾಪ್ ಸಿಮ್ಯುಲೇಟರ್, ಟೇಬಲ್‌ಟೋಪಿಯಾ ಇವು ಎರಡನೇ ಜಾತಿ. ಸಿಮ್ಯುಲೇಟರ್ 2015ರಲ್ಲಿ ಪೂರ್ತಿ ರೂಪದಲ್ಲಿ ಬಂತು. ಅದರಲ್ಲಿ ಕಾಯಿಗೆ ತೂಕ ಇದೆ, ದಾಳ ಉರುಳಿ ಕೆಳಗೂ ಬೀಳುತ್ತದೆ, ಸಿಟ್ಟು ಬಂದರೆ ಮೇಜನ್ನೇ ಮಗುಚಲು ಒಂದು ಬಟನ್ ಬೇರೆ ಇದೆ. ಆದರೆ ಆಡುವ ಪ್ರತಿಯೊಬ್ಬರೂ ಅದನ್ನು ಕೊಳ್ಳಬೇಕು. ಫೋನಿನಲ್ಲಿ ನಡೆಯುವುದಿಲ್ಲ. ಹಳೇ ಲ್ಯಾಪ್‌ಟಾಪ್ ಬೆವರುತ್ತದೆ. ಟೇಬಲ್‌ಟೋಪಿಯಾ ಬ್ರೌಸರ್‌ನಲ್ಲಿ ತೆರೆಯುತ್ತದೆ, ಆದರೆ ಅಲ್ಲೂ ನಿಯಮ ನೋಡಿಕೊಳ್ಳುವವರು ನೀವೇ.

ಒಂದು ಗಂಟೆ ಮೂರು ಗಂಟೆ ಯಾಕಾಯಿತು ಗೊತ್ತಾಯಿತಲ್ಲ? ನಿಜವಾದ ಮೇಜಿನಲ್ಲಿ ಎರಡು ಕೈ, ಹತ್ತು ಬೆರಳು. ಒಬ್ಬರು ಕಾರ್ಡ್ ಕಲಸುವಾಗ ಇನ್ನೊಬ್ಬರು ಕಾಯಿ ಜೋಡಿಸುತ್ತಾರೆ, ಮಾತೂ ಆಡುತ್ತಿರುತ್ತಾರೆ. ಮೌಸ್ ಅಂದರೆ ಒಂದೇ ಬೆರಳು.

ನನಗೆ ಮೊದಲ ಜಾತಿಯ ಮೇಲೂ ಒಂದು ತಕರಾರು ಇದೆ. ಅದು ಎಲ್ಲ ತಾನೇ ಮಾಡುವುದರಿಂದ ನಾವು ಆಟ ಕಲಿಯುವುದಿಲ್ಲ. ಕಾರ್ಕಸೋನ್‌ನಲ್ಲಿ (ಚಿತ್ರದ ತುಂಡು ಜೋಡಿಸಿ ಊರು, ದಾರಿ, ಹೊಲ ಕಟ್ಟುವ ಆಟ) ಹೊಲದಲ್ಲಿ ಮಲಗಿಸಿದ ರೈತನಿಗೆ ಕೊನೆಯಲ್ಲಿ ಅಂಕ ಹೇಗೆ ಬರುತ್ತದೆ ಅಂತ ಆನ್‌ಲೈನ್‌ನಲ್ಲಿ ಮೂವತ್ತು ಸಲ ಆಡಿದರೂ ನನಗೆ ಗೊತ್ತಾಗಲಿಲ್ಲ. ಸೋಲುತ್ತಿದ್ದೆ, ಯಾಕೆ ಸೋತೆ ಅಂತ ತಿಳಿಯುತ್ತಿರಲಿಲ್ಲ. ನಿಜವಾದ ಪೆಟ್ಟಿಗೆ ತೆರೆದು, ಹುಲ್ಲುಗಾವಲಿನ ಗಡಿ ಎಲ್ಲಿಗೆ ನಿಲ್ಲುತ್ತದೆ ಅಂತ ಜಗಳವಾಡಿದ ಮೇಲೆ ಒಂದೇ ಸಲಕ್ಕೆ ತಲೆಗೆ ಹೋಯಿತು.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಗೊತ್ತಿರುವ ಆಟಕ್ಕೆ ಅರೀನಾ. ಹೊಸ ಆಟ ಕಲಿಯಬೇಕಾದರೆ ಮೊದಲು ನಿಯಮದ ಪುಸ್ತಕ ಎಲ್ಲರೂ ಓದಿಕೊಂಡು ಬನ್ನಿ.

ಸುಮ್ನೆ_ನೋಡ್ತಿದ್ದೆ

ಮೇಜು ಮಗುಚುವ ಬಟನ್ ಬಗ್ಗೆ ಒಂದು ಮಾತು. ಮೇಜು ತೆರೆದವರು ಅದನ್ನು ಬಂದ್ ಮಾಡಿಡಬಹುದು. ಮಾಡಿಡಿ. ನಮ್ಮ ಗುಂಪಿನ ಒಬ್ಬ ಮಹಾಶಯ ಎರಡು ಗಂಟೆ ಕಟ್ಟಿದ ಆಟವನ್ನು ಸುಮ್ನೆ ತಮಾಷೆಗೆ ಅಂತ ಮಗುಚಿದ. ಹಿಂದಿನ ಸ್ಥಿತಿಗೆ ತರುವ ಸೌಲಭ್ಯ ಇತ್ತು, ಆಟ ವಾಪಸ್ ಬಂತು. ಮೂಡು ಬರಲಿಲ್ಲ.

ನಿಧಾನಿ

ಯಾರೂ ಇದನ್ನು ಹೇಳಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಎಲ್ಲರೂ ಒಂದೇ ಹೊತ್ತಿಗೆ ಕೂರಲೇಬೇಕು ಅಂತ ಏನಿದೆ?

ನಾನು ವರ್ಷಗಳಿಂದ ಟರ್ನ್ ಲೆಕ್ಕದಲ್ಲೇ ಆಡುತ್ತೇನೆ. ನನ್ನ ಸರದಿ ಬಂದಾಗ ಫೋನ್ ಸದ್ದು ಮಾಡುತ್ತದೆ, ಬಿಡುವಾದಾಗ ಒಂದು ನಡೆ ಇಡುತ್ತೇನೆ. ಒಂದು ಆಟ ಮೂರು ವಾರ ನಡೆಯುತ್ತದೆ. ನಾಲ್ಕು ಗಂಟೆ ಹಿಂದಿರುವ ನಿಮ್ಮ ಗೆಳೆಯನಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಇದೇನೂ ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ. ಜನ ಅಂಚೆ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದರು. ಡಿಪ್ಲೊಮಸಿ 1959ರಲ್ಲಿ ಬಂದ ಆಟ, 1963ಕ್ಕೆಲ್ಲ ಅಂಚೆಯಲ್ಲಿ ಆಡಲು ಶುರು ಮಾಡಿದ್ದರು. ಏಳು ಜನ, ಎಲ್ಲರೂ ತಮ್ಮ ಆದೇಶ ಗುಟ್ಟಾಗಿ ಬರೆದು ಕೊಡುತ್ತಾರೆ, ಎಲ್ಲವನ್ನೂ ಒಂದೇ ಸಲ ತೆರೆಯಲಾಗುತ್ತದೆ. ಇಂಥ ಆಟಕ್ಕೆ ಆತುರವೇ ಶತ್ರು. ಮೇಜಿನಲ್ಲಿ ಹದಿನೈದು ನಿಮಿಷದಲ್ಲಿ ಮಾಡುವ ಪಿತೂರಿಯನ್ನು ಎರಡು ದಿನ ಕೂತು ಮಾಡಬಹುದು. ಮಜಾ ಅಂದರೆ ಅದು.

ಒಂದು ಎಚ್ಚರ. ಒಂದೇ ಸಲ ನಾಲ್ಕೈದು ಆಟ ಹಚ್ಚಿಕೊಳ್ಳಬೇಡಿ. ಐದನೇ ದಿನ ತೆರೆದಾಗ "ಈ ಕಾರ್ಡ್ ಯಾಕೆ ಇಟ್ಟುಕೊಂಡಿದ್ದೆ?" ಅಂತ ನಿಮ್ಮ ಬಗ್ಗೆಯೇ ಅನುಮಾನ ಬರುತ್ತದೆ. ನಾನು ಪಕ್ಕದಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ.

ಮತ್ತೆ ಎಲ್ಲ ಆಟವೂ ಇದಕ್ಕೆ ಒಗ್ಗುವುದಿಲ್ಲ. ಕಟಾನ್ ತರಹ ವ್ಯಾಪಾರ ಮಾಡುವ ಆಟ ಟರ್ನ್ ಲೆಕ್ಕದಲ್ಲಿ ಸಾಯುತ್ತದೆ. "ಒಂದು ಕುರಿ ಕೊಡ್ತೀನಿ, ಇಟ್ಟಿಗೆ ಕೊಡ್ತೀಯಾ?" ಅಂತ ಕೇಳಿ ನಾಳೆವರೆಗೆ ಉತ್ತರಕ್ಕೆ ಕಾಯುವುದೇ? ಹನಾಬಿಯೂ ಅಷ್ಟೇ. ನಮ್ಮ ಕಾರ್ಡ್ ನಮಗೆ ಕಾಣದೆ, ಉಳಿದವರ ಸುಳಿವು ನೆನಪಿಟ್ಟುಕೊಂಡು ಆಡುವ ಆಟ ಅದು. ಎಷ್ಟೋ ಕಡೆ ಆ ಸುಳಿವನ್ನು ತೆರೆಯೇ ನೆನಪಿಟ್ಟು ತೋರಿಸುತ್ತದೆ. ಇನ್ನೇನು ಉಳಿಯಿತು?

ಮರದ_ಗೊಂಬೆ

ಹನಾಬಿ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನೆನಪಿನ ಭಾರ ಹೋದ ಮೇಲೆ ತರ್ಕ ಇನ್ನೂ ಚೊಕ್ಕ ಆಗುತ್ತದೆ. ಆದರೆ ಅದಕ್ಕೆ ಬೇರೆ ಚರ್ಚೆ ತೆರೆಯಬೇಕು, ಇಲ್ಲಿ ಬೇಡ.

ಕಥೆಗಾರ_ಕಾಗೆ

ಆರು ಗಂಟೆ ಗೋಡೆ ಎಳೆದಿರಾ? ಅಯ್ಯೋ ಪಾಪ. ನಾನೂ ಎಳೆದವನೇ, ಅದಕ್ಕೇ ಹೇಳುತ್ತಿದ್ದೇನೆ.

ನಿಮ್ಮವರು ಯಾಕೆ ಸುಮ್ಮನಾದರು ಅನ್ನುವುದು ನಿಮ್ಮ ಬರಹದಲ್ಲೇ ಇದೆ. ಮೇಜಿನಲ್ಲಿ ನೀವು "ಕತ್ತಲೆ ಕೋಣೆ, ಒದ್ದೆ ವಾಸನೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು" ಅನ್ನುತ್ತಿದ್ದಿರಿ. ಅವರಿಗೆ ಏನೂ ಕಾಣುತ್ತಿರಲಿಲ್ಲ. ಕಾಣದಿದ್ದಕ್ಕೇ ಕೇಳುತ್ತಿದ್ದರು. ಬಾಗಿಲು ಎಷ್ಟು ಗಟ್ಟಿ? ಮೇಲೆ ಕಿಟಕಿ ಇದೆಯಾ? ನೀರು ಎಲ್ಲಿಂದ ಬರುತ್ತಿದೆ? ಆ ಪ್ರಶ್ನೆಗಳೇ ಆಟ. ಈಗ ಕಂಬ, ಬಾಗಿಲು, ಬೆಳಕು ಎಲ್ಲ ಕಣ್ಣಿಗೇ ಕಾಣುತ್ತಿದೆ. ಕೇಳಲು ಏನೂ ಇಲ್ಲ. ಚಿತ್ರದಲ್ಲಿ ಇಲ್ಲದ ಕಿಟಕಿ ಕಥೆಯಲ್ಲೂ ಇಲ್ಲ ಅಂದುಕೊಳ್ಳುತ್ತಾರೆ. ಕೀಬೋರ್ಡಿನ ಬಾಣದ ಗುರುತು ಒತ್ತಿ ಟೋಕನ್ ಓಡಿಸುತ್ತಾರೆ, ಕಂಪ್ಯೂಟರ್ ಗೇಮ್ ಆಡುವ ಹಾಗೆ. ಅಂಥ ಗೇಮ್ ಆಡಬೇಕಿದ್ದರೆ ನಿಮಗಿಂತ ಚೆನ್ನಾಗಿ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ?

ನಾನು ಇಟ್ಟುಕೊಂಡಿರುವ ನಿಯಮ: ಮೇಜಿನಲ್ಲಿ ಕೈ ಮಾಡುತ್ತಿದ್ದ ಕೆಲಸ ಕಂಪ್ಯೂಟರ್‌ಗೆ ಕೊಡಬಹುದು, ಬಾಯಿ ಮಾಡುತ್ತಿದ್ದ ಕೆಲಸ ಕೊಡಬಾರದು. ದಾಳ ಕೂಡುವುದು, ಪ್ರಾಣದ ಅಂಕ ಕಳೆಯುವುದು, ಯಾರ ಸರದಿ ಅಂತ ಬರೆದಿಡುವುದು ಕೈ ಕೆಲಸ. ಕೋಣೆ ಹೇಗಿದೆ ಅಂತ ಹೇಳುವುದು ಬಾಯಿ ಕೆಲಸ.

ನಾನು ಈಗ ಬಳಸುವುದು ಔಲ್‌ಬೇರ್ ರೋಡಿಯೋ. ಒಂದು ಲಿಂಕ್ ಕಳಿಸಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ಒಂದು ಚಿತ್ರ ಹಾಕು, ಟೋಕನ್ ಇಡು, ಕಾಣಬಾರದ ಜಾಗಕ್ಕೆ ಮಂಜು ಮುಚ್ಚು, ಬೇಕಾದಾಗ ತೆಗೆ. ಮುಗಿಯಿತು. ಅದೂ ನಾನು ಮ್ಯಾಪ್ ತೆರೆಯುವುದು ನಾಲ್ಕಕ್ಕಿಂತ ಜಾಸ್ತಿ ಶತ್ರುಗಳು ಇರುವ ಜಗಳಕ್ಕೆ ಮಾತ್ರ. ಉಳಿದ ಹೊತ್ತು ಆ ಊರಿನದೋ ಕಾಡಿನದೋ ಒಂದೇ ಚಿತ್ರ ಇರುತ್ತದೆ.

ಎಲ್ಲ ಕಥೆಯಾಟಕ್ಕೂ ಚೌಕದ ಮ್ಯಾಪ್ ಬೇಕಿಲ್ಲ ಅನ್ನುವುದನ್ನೂ ನೆನಪಿಡಿ. ಡಿ ಅಂಡ್ ಡಿ 1974ರಲ್ಲಿ ಹುಟ್ಟಿದ್ದೇ ಯುದ್ಧದಾಟದ ಹೊಟ್ಟೆಯಿಂದ, ಅದಕ್ಕೇ ಅಲ್ಲಿ ಐದೈದು ಅಡಿಯ ಚೌಕ. ಬ್ಲೇಡ್ಸ್ ಇನ್ ದ ಡಾರ್ಕ್ ತರಹದ ಆಟದಲ್ಲಿ ಒಂದು ವೃತ್ತ ಬರೆದು ನಾಲ್ಕೋ ಆರೋ ಎಂಟೋ ತುಂಡು ಮಾಡುತ್ತಾರೆ. ಅಪಾಯ ಹತ್ತಿರ ಬಂದ ಹಾಗೆ ಒಂದೊಂದು ತುಂಡು ತುಂಬುತ್ತಾರೆ. ಇದಕ್ಕೆ ವಿಟಿಟಿಯೇ (ತೆರೆಯ ಮೇಲೆ ಮ್ಯಾಪ್, ಟೋಕನ್, ದಾಳ ಕೊಡುವ ಸಾಫ್ಟ್‌ವೇರ್) ಬೇಡ, ಎಲ್ಲರೂ ಗೀಚಬಹುದಾದ ಒಂದು ಬಿಳಿ ಹಾಳೆ ಸಾಕು.

ಪೋರ್ಟ್_ತೆರೆಯಪ್ಪ

ಕಾಗೆಯವರ ಮಾತು ಕೇಳಿ ಎಲ್ಲರೂ ಸಾಫ್ಟ್‌ವೇರ್ ಬಿಸಾಕಿ ಓಡಬೇಡಿ. ಇನ್ನೊಂದು ಮುಖವೂ ಇದೆ.

ನಾನು ಫೌಂಡ್ರಿ ಅನ್ನುವ ವಿಟಿಟಿ ಬಳಸುತ್ತೇನೆ. 2020ರಲ್ಲಿ ಬಂದದ್ದು. ಆಟ ನಡೆಸುವವರು ಒಬ್ಬರೇ ಒಂದು ಸಲ ಲೈಸೆನ್ಸ್ ಕೊಂಡರೆ ಸಾಕು, ತಿಂಗಳ ಚಂದಾ ಇಲ್ಲ. ಆಟಗಾರರಿಗೆ ಬ್ರೌಸರ್ ಇದ್ದರೆ ಆಯಿತು. 2012ರಿಂದ ಇರುವ ರೋಲ್20 ಅನ್ನುವ ಇನ್ನೊಂದು ವಿಟಿಟಿ ಆ ಕಂಪನಿಯದೇ ಸರ್ವರ್‌ನಲ್ಲಿ ಓಡುತ್ತದೆ, ಹಾಗಾಗಿ ಶುರು ಮಾಡುವುದು ಅದರಲ್ಲಿ ಸುಲಭ. ಫೌಂಡ್ರಿಯನ್ನು ನಾವೇ ನಮ್ಮ ಯಂತ್ರದಲ್ಲಿ ಓಡಿಸಬೇಕು. ತಲೆನೋವು ಅಲ್ಲಿದೆ, ಒಪ್ಪುತ್ತೇನೆ.

ಮೊದಲನೆಯದು, ಪೋರ್ಟ್, ಅಂದರೆ ಹೊರಗಿನವರು ನಮ್ಮ ಯಂತ್ರಕ್ಕೆ ಬರುವ ಬಾಗಿಲಿನ ಸಂಖ್ಯೆ. ಸಾಮಾನ್ಯವಾಗಿ 30000. ರೌಟರ್‌ನಲ್ಲಿ ಅದನ್ನು ತೆರೆದರೆ ಹೊರಗಿನವರು ಒಳಗೆ ಬರಬಹುದು ಅಂತ ಎಲ್ಲ ಕಡೆ ಬರೆದಿರುತ್ತದೆ. ತೆರೆಯುತ್ತೀರಿ, ಯಾರೂ ಬರಲಾಗುವುದಿಲ್ಲ. ತಪ್ಪು ನಿಮ್ಮದಲ್ಲ. ಎಷ್ಟೋ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಿರುತ್ತವೆ. ದೊಡ್ಡ ವಠಾರಕ್ಕೆ ಒಂದೇ ಗೇಟು ಇದ್ದ ಹಾಗೆ. ನಿಮ್ಮ ಮನೆ ಬಾಗಿಲು ತೆರೆದಿದ್ದರೂ ಗೇಟು ನಿಮ್ಮ ಕೈಯಲ್ಲಿಲ್ಲ. ರೌಟರ್ ತೋರಿಸುವ ಹೊರವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮದೂ ಅದೇ ಕಥೆ. ಆಗ ಬಾಡಿಗೆ ಸರ್ವರ್, ಇಲ್ಲವೇ ಆ ಗೇಟು ದಾಟಿಸುವ ಟನಲ್ ಸೇವೆ. ಇದರ ಮೇಲೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ, ನೀವು ಕೆಡಬೇಡಿ.

ಎರಡನೆಯದು, ಚಿತ್ರದ ಗಾತ್ರ. ಹಳೇ ಲ್ಯಾಪ್‌ಟಾಪ್ ಒದ್ದಾಡುವುದು ನೂರಕ್ಕೆ ತೊಂಬತ್ತು ಸಲ ಇದರಿಂದಲೇ ಅಂತ ನನ್ನ ಅನುಭವ. ಫೌಂಡ್ರಿ ಒಂದು ಚೌಕಕ್ಕೆ 100 ಪಿಕ್ಸೆಲ್ ಅಂತ ಹಿಡಿಯುತ್ತದೆ, ರೋಲ್20 70 ಅಂತ. 40 ಚೌಕ ಅಗಲ, 30 ಚೌಕ ಎತ್ತರದ ಮ್ಯಾಪ್ ಅಂದರೆ 4000 ಗುಣಿಸು 3000 ಪಿಕ್ಸೆಲ್. ಅದಕ್ಕಿಂತ ದೊಡ್ಡದು ಯಾಕೆ ಬೇಕು? ಚಿತ್ರ ಪಿಎನ್‌ಜಿ ಮಾದರಿಯ ಫೈಲ್ ಆದರೆ 20 ಎಂಬಿ ತೂಗುತ್ತದೆ. ವೆಬ್‌ಪಿ ಮಾದರಿಗೆ ಬದಲಿಸಿದರೆ ಎಷ್ಟೋ ಪಾಲು ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಮನೆಯಿಂದಲೇ ಓಡಿಸುವವರು ಇದನ್ನು ನೆನಪಿಡಬೇಕು: ಇಳಿಸುವ ವೇಗ ಅಲ್ಲ, ಏರಿಸುವ ವೇಗ ಮುಖ್ಯ. ನಾಲ್ಕು ಜನಕ್ಕೆ 20 ಎಂಬಿ ಅಂದರೆ 80 ಎಂಬಿ. ಸೆಕೆಂಡಿಗೆ 10 ಮೆಗಾಬಿಟ್ ಏರಿಸುವ ಲೈನಿನಲ್ಲಿ ಅದಕ್ಕೆ ಒಂದು ನಿಮಿಷದ ಮೇಲೆ ಬೇಕು. ನೀವು "ಬಾಗಿಲು ದಡಾರನೆ ತೆರೆಯಿತು!" ಅಂದ ಮೇಲೆ ಒಂದು ನಿಮಿಷ ಎಲ್ಲರೂ ಕಪ್ಪು ತೆರೆ ನೋಡಿಕೊಂಡು ಕೂರುತ್ತಾರೆ.

ಮೂರನೆಯದು, ಆಟದ ದಿನ ಅಪ್‌ಡೇಟ್ ಒತ್ತಬೇಡಿ. ನಾನು ಒತ್ತಿದೆ. ಹದಿನೆಂಟು ಮಾಡ್ಯೂಲ್ (ಹೊರಗಿನಿಂದ ಸೇರಿಸುವ ಹೆಚ್ಚುವರಿ ಸೌಲಭ್ಯ) ಹಾಕಿಕೊಂಡಿದ್ದೆ, ಒಂದಕ್ಕೊಂದು ಹೊಂದದೆ ಹೋಯಿತು. ಬ್ಯಾಕಪ್ ಇರಲಿಲ್ಲ. ತಪ್ಪು ಪೂರ್ತಿ ನನ್ನದೇ. ಈಗ ನಾಲ್ಕೇ ಮಾಡ್ಯೂಲ್.

ಇಷ್ಟೆಲ್ಲ ಯಾಕೆ ಸಹಿಸಿಕೊಳ್ಳುತ್ತೇನೆ ಅಂದರೆ, ದೊಡ್ಡ ಜಗಳ. ಹತ್ತು ಶತ್ರು, ನಾಲ್ಕು ಆಟಗಾರರು. ಹೊಡೆತ ತಾಗಿತೋ ಇಲ್ಲವೋ, ಎಷ್ಟು ಪೆಟ್ಟು, ಯಾರ ಮೇಲಿನ ಮಂತ್ರ ಯಾವಾಗ ಇಳಿಯುತ್ತದೆ, ಎಲ್ಲ ತಾನೇ ನೋಡಿಕೊಳ್ಳುತ್ತದೆ. ಮೇಜಿನಲ್ಲಿ ಎರಡು ಗಂಟೆ ಎಳೆಯುತ್ತಿದ್ದ ಜಗಳ ನಮಗೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಮಾತಿಗೆ. ಕಾಗೆಯವರೇ, ನಿಮ್ಮ ಕೈ ಕೆಲಸ, ಬಾಯಿ ಕೆಲಸದ ಲೆಕ್ಕವೇ ಇದು.

ಕಥೆಗಾರ_ಕಾಗೆ

ಆ ಲೆಕ್ಕ ಒಪ್ಪಿದೆ. ಆದರೆ ಹದಿನೆಂಟರಿಂದ ನಾಲ್ಕಕ್ಕೆ ಇಳಿದವರು ನೀವೇ, ನಾನಲ್ಲ.

ಸುಮ್ನೆ_ನೋಡ್ತಿದ್ದೆ

ನನ್ನದೊಂದು ಅಡ್ಡ ಪ್ರಶ್ನೆ. ಸಾಫ್ಟ್‌ವೇರ್ ದಾಳ ನಿಜಕ್ಕೂ ನ್ಯಾಯವಾಗಿ ಬೀಳುತ್ತದಾ? ನಮ್ಮಲ್ಲಿ ಒಬ್ಬಳಿಗೆ ಇಡೀ ಸಂಜೆ ಒಂದೂ 20 ಬೀಳಲಿಲ್ಲ. ಇದು ಮೋಸ ಅಂತ ಕೂತಿದ್ದಾಳೆ.

ಲೆಕ್ಕದ_ಮೇಷ್ಟ್ರು

ಈ ಪ್ರಶ್ನೆಗೆ ಕಾಯುತ್ತಿದ್ದೆ.

ಇಪ್ಪತ್ತು ಮುಖದ ದಾಳವನ್ನು ಒಂದು ಸಂಜೆ 30 ಸಲ ಉರುಳಿಸಿದಳು ಅಂದುಕೊಳ್ಳಿ. ಒಂದು ಸಲ 20 ಬೀಳದಿರುವ ಸಾಧ್ಯತೆ ನೂರಕ್ಕೆ 95. ಮೂವತ್ತೂ ಸಲ ಬೀಳದಿರಲು 0.95ನ್ನು ಮೂವತ್ತು ಸಲ ಗುಣಿಸಬೇಕು. ಸುಮಾರು ನೂರಕ್ಕೆ 21 ಬರುತ್ತದೆ. ಅಂದರೆ ಐದು ಸಂಜೆಯಲ್ಲಿ ಒಂದು ಸಂಜೆ ಹೀಗಾಗುವುದು ಮಾಮೂಲಿ.

ಈಗ ಮೇಜಿನಲ್ಲಿ ಐದು ಜನ ಇದ್ದಾರೆ, ಎಲ್ಲರೂ 30 ಸಲ ಉರುಳಿಸುತ್ತಾರೆ. ಐವರಲ್ಲಿ ಒಬ್ಬರಿಗಾದರೂ 20 ಬೀಳದೆ ಹೋಗುವ ಸಾಧ್ಯತೆ ನೂರಕ್ಕೆ 70. ಹೀಗಾಗಿ ಹೆಚ್ಚುಕಡಿಮೆ ಪ್ರತಿ ವಾರ ಯಾರೋ ಒಬ್ಬರು "ಇವತ್ತು ನನಗೆ ಮೋಸ" ಅಂತ ಎದ್ದು ಹೋಗುತ್ತಾರೆ. ಆ ಒಬ್ಬರು ಮಾತ್ರ ಬೇರೆ ಬೇರೆ.

ಸಾಫ್ಟ್‌ವೇರ್ ಸಾಮಾನ್ಯವಾಗಿ ಗಣಿತದ ಸೂತ್ರದಿಂದ ಅಂಕಿ ಹುಟ್ಟಿಸುತ್ತದೆ. ರೋಲ್20 ಅಂತೂ ಬೆಳಕಿನ ಕಿರಣದ ಏರಿಳಿತ ಅಳೆದು ಅದರಿಂದ ಅಂಕಿ ತೆಗೆಯುತ್ತೇವೆ ಅನ್ನುತ್ತದೆ. ಆಟಕ್ಕೆ ಎರಡೂ ಧಾರಾಳ ಸಾಕು. ನಿಜ ಹೇಳಬೇಕೆಂದರೆ ಅಂಚು ಸವೆದ, ಒಳಗೆ ಗಾಳಿಗುಳ್ಳೆ ಇರುವ ಪ್ಲಾಸ್ಟಿಕ್ ದಾಳದ ಮೇಲೇ ನನಗೆ ಅನುಮಾನ ಜಾಸ್ತಿ. ಆದರೆ ಕೈಯಲ್ಲಿದ್ದ ದಾಳ ಕೈಕೊಟ್ಟರೆ ಅದನ್ನು ಬೈದು, ಮೂಲೆಗೆ ಎಸೆದು, ಬೇರೆ ದಾಳ ಎತ್ತಿಕೊಳ್ಳಬಹುದು. ಸಾಫ್ಟ್‌ವೇರ್ ದಾಳಕ್ಕೆ ಆ ಶಿಕ್ಷೆ ಕೊಡಲು ಬರುವುದಿಲ್ಲ. ಸಿಟ್ಟು ಅಲ್ಲೇ ಉಳಿಯುತ್ತದೆ.

ಸುಮ್ನೆ_ನೋಡ್ತಿದ್ದೆ

ಅವಳಿಗೆ ತೋರಿಸಿದೆ. "ನೂರಕ್ಕೆ 21 ಆದರೂ ನನಗೇ ಯಾಕೆ?" ಅಂದಳು.

ಕಿವಿಯೇ_ಮೇಜು

ನಾನು ಬೇರೆ ಕಡೆಯಿಂದ ಬರುತ್ತೇನೆ. ಎಲ್ಲರೂ ಕಣ್ಣಿಗೆ ಕಾಣುವುದರ ಬಗ್ಗೆ ಬರೆದಿದ್ದೀರಿ. ನನ್ನ ಪ್ರಕಾರ ಆನ್‌ಲೈನ್ ಆಟ ಕೆಡುವುದು ಕಿವಿಯಲ್ಲಿ.

ನಾವು ಮಾತಾಡುವಾಗ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಪಾಲು ಮಾತ್ರ. ಇಂಟರ್ನೆಟ್ಟಿನಲ್ಲಿ ದನಿ ತಲುಪಲು ಅಷ್ಟೇ ಹೊತ್ತು ಹಿಡಿದರೆ ಸಾಕು, ಲಯ ತಪ್ಪುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ಬಿಡುತ್ತಾರೆ. "ನೀವು ಹೇಳಿ", "ಇಲ್ಲ ಇಲ್ಲ, ನೀವು ಹೇಳಿ". ನಾಲ್ಕು ಸಲ ಹೀಗಾದರೆ ಸ್ವಲ್ಪ ಸಂಕೋಚದ ಸ್ವಭಾವದವರು ಮೈಕ್ ಬಂದ್ ಮಾಡಿ ಕೂತುಬಿಡುತ್ತಾರೆ. ಆರನೇ ಮುಖ ಅವರೇ, ನಿಮ್ಮ ಗುಂಪಿನಲ್ಲಿ ಇದೂ ಆಗಿರಬಹುದು.

ಇನ್ನೊಂದು. ನಿಜವಾದ ಮೇಜಿನಲ್ಲಿ ಒಂದೇ ಹೊತ್ತಿಗೆ ಎರಡು ಮಾತು ನಡೆಯುತ್ತದೆ. ಆ ತುದಿಯಲ್ಲಿ ಜಿಎಂ (ಆಟ ನಡೆಸುವವರು) ಕಳ್ಳನ ಪಾತ್ರದವರ ಜೊತೆ ಮಾತಾಡುತ್ತಿದ್ದರೆ ಈ ತುದಿಯಲ್ಲಿ ಇಬ್ಬರು ಪಿಸುಗುಟ್ಟಿಕೊಂಡು ನಗುತ್ತಿರುತ್ತಾರೆ. ಧ್ವನಿ ಕರೆಯಲ್ಲಿ ಒಂದೇ ಕೊಳವೆ. ಒಬ್ಬರು ಮಾತಾಡಿದರೆ ನಾಲ್ಕು ಜನ ಕಾಯಬೇಕು. ಅದಕ್ಕೇ ಆನ್‌ಲೈನ್‌ನಲ್ಲಿ ಎರಡೂವರೆ ಗಂಟೆ ಆಡಿದರೆ ಮೇಜಿನಲ್ಲಿ ಐದು ಗಂಟೆ ಆಡಿದಷ್ಟು ಸುಸ್ತು.

ನಾವು ಮಾಡಿಕೊಂಡದ್ದು: ಎಲ್ಲರಿಗೂ ಹೆಡ್‌ಫೋನ್ ಕಡ್ಡಾಯ. ಒಬ್ಬರ ಸ್ಪೀಕರ್‌ನಿಂದ ದನಿ ಮೈಕಿಗೆ ವಾಪಸ್ ಹೋದರೆ ಎಲ್ಲರಿಗೂ ಕಾಟ. ಬಟನ್ ಒತ್ತಿ ಮಾತಾಡುವ ಪದ್ಧತಿ ಬೇಡ, ಅದು ನಗುವನ್ನು ಕತ್ತರಿಸುತ್ತದೆ. ಜಿಎಂ ಸುಮ್ನೆ "ಏನು ಮಾಡುತ್ತೀರಿ?" ಅಂತ ಗಾಳಿಗೆ ಕೇಳಬಾರದು, ಪಾತ್ರದ ಹೆಸರು ಹಿಡಿದು ಕೇಳಬೇಕು. ಪಿಸುಮಾತಿಗೆ ಒಂದು ಬರಹದ ಚಾಟ್ ಸದಾ ತೆರೆದಿರಬೇಕು, ಅಲ್ಲಿ ಎಷ್ಟು ಹರಟಿದರೂ ಜಿಎಂ ಬೈಯಬಾರದು. ಕೊನೆಯದೇ ನಮ್ಮ ಆಟ ಉಳಿಸಿದ್ದು.

ಹಳೇ_ಮ್ಯಾಪ್

ಚಾಟ್ ಅಂದರೆ ನೆನಪಾಯಿತು. ನಾನು ಒಬ್ಬರಿಗೆ ಮಾತ್ರ ಅಂತ ಬರೆದ ಗುಟ್ಟು ಎಲ್ಲರಿಗೂ ಹೋಯಿತು. "ನೀನೇ ದ್ರೋಹಿ, ಯಾರಿಗೂ ಹೇಳಬೇಡ." ಐದು ಜನಕ್ಕೂ. ಐದೂ ಜನ ತಮಗೊಬ್ಬರಿಗೇ ಬಂದದ್ದು ಅಂತ ನಂಬಿ ಒಂದು ಗಂಟೆ ಒಬ್ಬರನ್ನೊಬ್ಬರು ವಂಚಿಸಿದರು. ನನ್ನ ಜೀವನದ ಅತ್ಯುತ್ತಮ ಸೆಷನ್ ಅದು. ನಾನು ಮಾಡಿದ್ದಲ್ಲ.

ಇನ್ನೊಂದು ಸಲ ಇಷ್ಟು ಅದೃಷ್ಟ ಇರಲಿಲ್ಲ. ಆಟಗಾರರು ನದಿ ದಾಟಬೇಕಿತ್ತು. ಸೇತುವೆ ಮೇಲೆ ಹೋಗೋಣ ಅಂತ ಹೊರಟರು. ಅಷ್ಟರಲ್ಲಿ ಒಬ್ಬಳು "ತೆರೆಯ ಮೇಲ್ಭಾಗದಲ್ಲಿ ಏನೋ ಹೆಸರು ಕಾಣುತ್ತಿದೆ" ಅಂದಳು. ಮುಂದಿನ ಮ್ಯಾಪ್ ಫೈಲಿಗೆ ನಾನು ಇಟ್ಟಿದ್ದ ಹೆಸರು: ಸೇತುವೆ_ಕುಸಿದ_ಮೇಲೆ.

ಎಲ್ಲರೂ ದೋಣಿಯಲ್ಲಿ ಹೋದರು.

ಪೋರ್ಟ್_ತೆರೆಯಪ್ಪ

ಹಹ್ಹಾ! ಇದಕ್ಕೇ ಆಟಗಾರನ ಹೆಸರಿನಲ್ಲಿ ಇನ್ನೊಂದು ಕಿಟಕಿ ತೆರೆದಿಟ್ಟುಕೊಳ್ಳಿ ಅನ್ನುವುದು. ಅವರಿಗೆ ಏನು ಕಾಣುತ್ತಿದೆ ಅಂತ ಆಗಾಗ ಇಣುಕಬಹುದು.

ಮರದ_ಗೊಂಬೆ

ಇನ್ನೊಂದು ವಿಷಯ ಕೇಳಬೇಕಿತ್ತು. ಸಿಮ್ಯುಲೇಟರ್‌ನ ವರ್ಕ್‌ಶಾಪ್‌ನಲ್ಲಿ ಜನ ಹಾಕಿರುವ ಸಾವಿರಾರು ಆಟ ಸಿಗುತ್ತದೆ. ಎಷ್ಟೋ ಪೆಟ್ಟಿಗೆ ಆಟದ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಪ್ರಕಾಶಕರನ್ನು ಕೇಳದೇ ಏರಿಸಿದ್ದಾರೆ. ನೀವು ಅದನ್ನು ಆಡುತ್ತೀರಾ? ನಾನು ಮನೆಯಲ್ಲಿ ಪೆಟ್ಟಿಗೆ ಇದ್ದರೆ ಮಾತ್ರ ಆಡುತ್ತೇನೆ. ಅದೂ ಸರಿಯೋ ತಪ್ಪೋ ಅಂತ ಮನಸ್ಸು ಕಡಿಯುತ್ತದೆ.

ಲೆಕ್ಕದ_ಮೇಷ್ಟ್ರು

ಒಪ್ಪಿಗೆ ಇಲ್ಲದ್ದು ಒಪ್ಪಿಗೆ ಇಲ್ಲದ್ದೇ. ಕೆಲವು ಪ್ರಕಾಶಕರು ತಾವೇ ಅಧಿಕೃತವಾಗಿ ಕೊಡುತ್ತಾರೆ, ಅದನ್ನು ಆಡಿ. ಕೋಡ್‌ನೇಮ್ಸ್ ಅನ್ನುವ ಪದದಾಟಕ್ಕೆ ಅಧಿಕೃತವಾದ ಉಚಿತ ಆನ್‌ಲೈನ್ ರೂಪವೇ ಇದೆ, ಲಿಂಕ್ ಕಳಿಸಿದರೆ ಯಾರು ಬೇಕಾದರೂ ಬರಬಹುದು. ಡಿ ಅಂಡ್ ಡಿಯ ಮೂಲ ನಿಯಮಗಳ ಕೈಪಿಡಿಯನ್ನೂ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಲೈಸೆನ್ಸ್ ಬದಲಿಸಲು ಹೋಗಿ ಆಟಗಾರರೆಲ್ಲ ಸಿಟ್ಟಾದ ಮೇಲೆ ಆದದ್ದು ಅದು. ಮೂಲದ ಹೆಸರು ಹೇಳಿದರೆ ಸಾಕು, ಆ ಭಾಗವನ್ನು ಯಾರು ಬೇಕಾದರೂ ಯಾವ ಸಾಫ್ಟ್‌ವೇರ್‌ನಲ್ಲೂ ಬಳಸಬಹುದು. ಪೂರ್ತಿ ಪುಸ್ತಕಗಳಿಗೆ ಇದು ಅನ್ವಯಿಸುವುದಿಲ್ಲ, ಅದನ್ನು ಮರೆಯಬೇಡಿ.

ಯುದ್ಧದಾಟ

ವ್ಯಾಸಲ್ ಅನ್ನುವ ಬೋರ್ಡ್ ಗೇಮ್ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಉಚಿತ, ಓಪನ್ ಸೋರ್ಸ್, ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ನೋಡಲು ಚೆನ್ನಾಗಿಲ್ಲ ನಿಜ. ನನ್ನ ಕಣ್ಣಿಗೆ ಚೆನ್ನಾಗಿದೆ.

ಆರನೇ_ಮುಖ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಏನೇನಾಯಿತು ಹೇಳುತ್ತೇನೆ.

ಬೋರ್ಡ್ ಗೇಮ್ ಪೂರ್ತಿ ಟರ್ನ್ ಲೆಕ್ಕಕ್ಕೆ ಹಾಕಿದೆವು. ಕಾರ್ಕಸೋನ್ ಎರಡು ಆಟ ನಡೆಯುತ್ತಿದೆ. ಫೋನ್ ಮಾತ್ರ ಇರುವವನು ಈಗ ಎಲ್ಲರಿಗಿಂತ ಮುಂದಿದ್ದಾನೆ. ಬಸ್ಸಿನಲ್ಲಿ ಕೂತು ಯೋಚಿಸುತ್ತಾನಂತೆ. ನಾನು ರೈತನನ್ನು ಎಲ್ಲಿ ಮಲಗಿಸಬೇಕು ಅಂತ ಇನ್ನೂ ಕಲಿಯುತ್ತಿದ್ದೇನೆ, ಮರದ ಗೊಂಬೆಯವರ ಕಷ್ಟ ಅರ್ಥವಾಯಿತು.

ಕಥೆಯಾಟ ಎರಡೂವರೆ ಗಂಟೆಗೆ ಇಳಿಸಿದೆವು. ಬೆಳಕು ಇಲ್ಲ, ಗೋಡೆ ಇಲ್ಲ. ಮೊದಲ ಸೆಷನ್‌ಗೆ ಒಂದು ಕೋಟೆಯ ಚಿತ್ರ ಮಾತ್ರ ಹಾಕಿದ್ದೆ. ಮೊದಲ ಇಪ್ಪತ್ತು ನಿಮಿಷ ಭಯ ಆಗಿತ್ತು, ಮೊದಲಿಗಿಂತಲೂ ಸುಮ್ಮನಿದ್ದರು. ಹೆಸರು ಹಿಡಿದು ಕೇಳಲು ಶುರು ಮಾಡಿದೆ. ಹಳೇ ಲ್ಯಾಪ್‌ಟಾಪಿನವಳು "ಚಿತ್ರದಲ್ಲಿ ಹಿಂಬದಿ ಕಾಣುತ್ತಿಲ್ಲ, ಹಿಂದೆ ಏನಿದೆ?" ಅಂದಳು. ನನಗೂ ಗೊತ್ತಿರಲಿಲ್ಲ. ಕೊಳಚೆ ಕಾಲುವೆ ಅಂದೆ. ಉಳಿದ ಎರಡು ಗಂಟೆ ಆ ಕಾಲುವೆಯಲ್ಲೇ ಕಳೆದೆವು. ನಾನು ತಯಾರು ಮಾಡಿಕೊಂಡಿದ್ದ ಒಂದು ಸಾಲೂ ಬಳಕೆಗೆ ಬರಲಿಲ್ಲ.

ಚಾಟ್‌ನಲ್ಲಿ ಹರಟೆಗೆ ಬಿಟ್ಟಿದ್ದೇನೆ. ಆಟ ಮುಗಿದ ಮೇಲೆ ಓದಿದರೆ ಅರ್ಧ ನನ್ನ ಮೇಲಿನ ಜೋಕುಗಳೇ.

ಎಲ್ಲವೂ ಸರಿ ಹೋಗಲಿಲ್ಲ. ಐವರಲ್ಲಿ ಒಬ್ಬಳು ಬಿಟ್ಟಳು. ಸಾಫ್ಟ್‌ವೇರ್ ಕಾರಣ ಅಲ್ಲ. ದಿನವಿಡೀ ಕೆಲಸಕ್ಕೆ ತೆರೆ ನೋಡಿ ಮತ್ತೆ ಆಟಕ್ಕೂ ತೆರೆ ನೋಡಲು ಆಗುವುದಿಲ್ಲ, ಎಲ್ಲರೂ ಒಂದು ಕಡೆ ಸೇರಿದಾಗ ಕರೆಯಿರಿ ಅಂದಳು. ಒತ್ತಾಯ ಮಾಡಲಿಲ್ಲ. ಅವಳ ಪಾತ್ರ ಕಾಲುವೆಯ ಬಾಯಲ್ಲಿ ಕಾವಲು ಕೂತಿದೆ, ಯಾವಾಗ ಬಂದರೂ ಅಲ್ಲಿಂದ ಎದ್ದು ಬರಬಹುದು.

ಹಳೇ_ಮ್ಯಾಪ್

ಫೈಲ್ ಹೆಸರುಗಳನ್ನು ಬದಲಿಸಿದಿರಾ?

ಆರನೇ_ಮುಖ

ಬದಲಿಸಿದೆ. ಎಲ್ಲಕ್ಕೂ ಬರೀ ಅಂಕಿ ಇಟ್ಟೆ. ಹೋದ ವಾರ ಕೋಟೆ ಮುಗಿಸಿ ಹೊರಬಂದಾಗ ತೆರೆಯಲ್ಲಿ "ಮ್ಯಾಪ್ 7" ಅಂತ ಕಂಡಿತಂತೆ. ಹಿಂದಿನದು 3. ಈಗ ಮೂರೂ ಜನ 4, 5, 6 ಎಲ್ಲಿ ಹೋಯಿತು, ಏನನ್ನು ಬಿಟ್ಟು ಬಂದೆವು ಅಂತ ವಾಪಸ್ ಕೋಟೆಗೆ ಹೊರಟಿದ್ದಾರೆ. ಅಲ್ಲಿ ಏನೂ ಇಲ್ಲ. ಭಾನುವಾರದೊಳಗೆ ಏನಾದರೂ ಇಡಬೇಕು.